ಬ್ರೆಡ್ಡಿನ ಗಾಡಿಯ ಲೀದಿಯಾ

ಲೀದಿಯಾಳನ್ನು ನಾನು ಮೊದಲು ಕಂಡದ್ದು ಒಂದು ಮಂಗಳವಾರ ಬೆಳಿಗ್ಗೆ, ಬ್ರೆಡ್ಡಿಗಾಗಿ ನಿಂತ ಸಾಲಿನಲ್ಲಿ. ಶಾಲೆಯ ಕೆಲಸದಿಂದ ನಿವೃತ್ತನಾಗಿ, ಪಟ್ಟಣದ ಮನೆಯನ್ನು ಬಿಟ್ಟು, ಹೆಂಡತಿ ಹಾನ್ನಾಳ ಊರಾದ ಸೊಲೊನಾ ಬಾಲ್ಕಾಕ್ಕೆ ಬಂದು ಆಗ ನಾಲ್ಕು ದಿನಗಳಾಗಿದ್ದುವು. ಹಾನ್ನಾ ಹಿತ್ತಿಲಿನಲ್ಲಿ ಟೊಮೇಟೊ ಸಸಿ ನೆಡುತ್ತಿದ್ದಳು. ರಸ್ತೆಯ ಕಡೆಯಿಂದ ಮೂರು ಸಲ ಹಾರ್ನು ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ. "ಬ್ರೆಡ್ಡು ಬಂತು, ಬೇಗ ಹೋಗಿ" ಎಂದಳು. ನಾನು ಹಾಗೆಯೇ ಹೊರಟೆ.

ಗಾಡಿ ಹಳೆಯದು. ಅದರ ಹಳದಿ ಬಣ್ಣ ಬಿಸಿಲಿಗೆ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಬಾಗಿಲನ್ನು ತೆರೆದು, ಮರದ ತಟ್ಟೆಗಳ ನಡುವೆ, ಗಿಡ್ಡನೆಯ ಗಟ್ಟಿಮುಟ್ಟಾದ ಹೆಂಗಸೊಬ್ಬಳು ನಿಂತಿದ್ದಳು. ವಯಸ್ಸು ನಲವತ್ತರ ಸುಮಾರು. ನನ್ನ ಸರದಿ ಬಂದಾಗ ನನ್ನ ಬರಿಗೈಗಳನ್ನು ನೋಡಿದಳು.

"ಚೀಲ ಎಲ್ಲಿ?"

"ಚೀಲ ತರಬೇಕು ಅಂತ ಗೊತ್ತಿರಲಿಲ್ಲಮ್ಮ."

"ಮತ್ತೆ ಬ್ರೆಡ್ಡನ್ನ ಜೇಬಲ್ಲಿ ತುರುಕ್ಕೊಂಡು ಹೋಗ್ತೀರಾ? ಯಾರ ಮನೆಯವರು ನೀವು?"

ನನ್ನ ಹಿಂದೆ ನಿಂತಿದ್ದ ಮೆಲಾನಿಯಾ ಉತ್ತರ ಕೊಟ್ಟಳು. ಊರಿನಲ್ಲಿ ಯಾರನ್ನು ಯಾರು ಏನು ಕೇಳಿದರೂ ಉತ್ತರ ಕೊಡುತ್ತಿದ್ದವಳು ಅವಳೇ. "ನಮ್ಮ ಹಾನ್ನಾಳ ಗಂಡ ಕಣೆ. ಲೂಕಿಚ್ ಮೇಷ್ಟ್ರು. ಮೂವತ್ತೈದು ವರ್ಷ ಮಕ್ಕಳಿಗೆ ವ್ಯಾಕರಣ ಹೇಳ್ಕೊಟ್ಟಿದಾರೆ."

"ಇವರಿಗೆ ಚೀಲದ ಪಾಠ ಯಾರೂ ಹೇಳ್ಕೊಟ್ಟಿಲ್ಲ ಅನ್ಸುತ್ತೆ" ಎಂದು ಲೀದಿಯಾ ತನ್ನ ಏಪ್ರನ್ನನ್ನು ಬಿಚ್ಚಿ, ಎರಡು ಕಪ್ಪು ಬ್ರೆಡ್ಡುಗಳನ್ನು ಅದರಲ್ಲಿ ಸುತ್ತಿ ಕೊಟ್ಟಳು. ಗುರುವಾರ ಅದನ್ನು ಒಗೆದು ಹಿಂತಿರುಗಿಸಿದೆ. ಬಿಡಿಸಿ ನೋಡಿ, "ಇಸ್ತ್ರಿ ಬೇರೆ ಮಾಡಿದೀರಾ. ಹಾನ್ನಾ ಅದೃಷ್ಟವಂತೆ" ಎಂದಳು. ಅಂದಿನಿಂದ ನಮ್ಮಿಬ್ಬರ ಸ್ನೇಹ.

ಆಕೆ ಪಟ್ಟಣದ ಬೇಕರಿಯ ಗಾಡಿಯಲ್ಲಿ ಆರು ಹಳ್ಳಿಗಳಿಗೆ ವಾರಕ್ಕೆ ಮೂರು ದಿನ ಬ್ರೆಡ್ಡು ತರುತ್ತಿದ್ದಳು. ಯಾರ ನಾಯಿ ಕಚ್ಚುತ್ತದೆ, ಯಾರ ಗೇಟು ಒಳಕ್ಕೆ ತೆರೆದುಕೊಳ್ಳುತ್ತದೆ, ಯಾರಿಗೆ ಹಲ್ಲಿಲ್ಲದ ಕಾರಣ ಮೆತ್ತನೆಯ ಬಿಳಿ ಬ್ರೆಡ್ಡು ಬೇಕು, ಎಲ್ಲವೂ ಅವಳಿಗೆ ತಿಳಿದಿತ್ತು. ಗಂಡ ತಿಮೊಫಿಯ್ ಟ್ರಾಕ್ಟರ್ ಓಡಿಸುತ್ತಿದ್ದ. ಐವತ್ತು ತುಂಬುವ ಮೊದಲೇ, ಸೂರ್ಯಕಾಂತಿ ಹೊಲದ ಬದುವಿನಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಆಮೇಲೆ ಮನೆಯಲ್ಲಿ ಉಳಿದವರು ಲೀದಿಯಾ ಮತ್ತು ಅವಳ ಅತ್ತೆ ಪರಾಸ್ಕಾ, ಇಬ್ಬರೇ. ಆಸ್ಪತ್ರೆಯ ದಾರಿಯಲ್ಲಿ ತಿಮೊಫಿಯ್ ಹೇಳಿದ ಕೊನೆಯ ಮಾತು "ಅಮ್ಮನ್ನ ಒಬ್ಬಳೇ ಬಿಡಬೇಡ" ಎಂದು. ಲೀದಿಯಾ ಅದನ್ನು ನನ್ನ ಹೆಂಡತಿಗೆ ಮಾತ್ರ ಹೇಳಿದ್ದಳು. ಹಾನ್ನಾ ನನಗೆ ಹೇಳಿದಳು.

ಅತ್ತೆ ಸೊಸೆಯರು ಒಬ್ಬರನ್ನೊಬ್ಬರು ಬಯ್ಯುವುದನ್ನು ಕೇಳಲು ನಾವು ಬೇಲಿಯ ಬಳಿ ನಿಲ್ಲುತ್ತಿದ್ದೆವು.

"ಬ್ರೆಡ್ಡು ಮಾರೋಳ ಮನೇಲಿ ಹಳಸಿದ ಬ್ರೆಡ್ಡು" ಎಂದು ಪರಾಸ್ಕಾ.

"ನಿಮ್ಮ ಹಲ್ಲು ಹಳಸಿದೆ ಅತ್ತೆ, ಬ್ರೆಡ್ಡಲ್ಲ."

"ನನ್ನ ಹಲ್ಲಿಗೆ ಎಂಬತ್ತು ವರ್ಷ. ನಿನ್ನ ಬ್ರೆಡ್ಡಿಗೆ ಎಷ್ಟು ಅಂತ ಕೇಳ್ದೆ."

ಹೀಗೆ. ಸಂಜೆ ನೋಡಿದರೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದರು.

ಯುದ್ಧ ನಮ್ಮ ಕಡೆಗೆ ಬರಲು ತಡಮಾಡಿತು. ದೊನೆತ್ಸ್ಕ್ ಸೀಮೆಯವರಾದ ನಮಗೆ ಎಂಟು ವರ್ಷಗಳಿಂದ ದೂರದ ಗುಡುಗು ಅಭ್ಯಾಸವಾಗಿತ್ತು. ಈ ಸಲ ರಷ್ಯದ ಸೈನ್ಯ ವರ್ಷಕ್ಕೆ ಹತ್ತು ಹನ್ನೆರಡು ಕಿಲೋಮೀಟರು ತೆವಳುತ್ತ ಬಂದಿತು. ಹಾನ್ನಾ ಅದನ್ನು ನೋಡಲಿಲ್ಲ. ಅದು ನಮ್ಮ ಊರನ್ನು ಸಮೀಪಿಸುವ ಹಿಂದಿನ ಶರತ್ಕಾಲದಲ್ಲಿಯೇ ತೀರಿಕೊಂಡಿದ್ದಳು. ನಾನೇ ಅವಳ ಸಮಾಧಿಯ ಕಬ್ಬಿಣದ ಬೇಲಿಗೆ ತಿಳಿನೀಲಿ ಬಣ್ಣ ಹಚ್ಚಿದ್ದೆ. ನಮ್ಮ ಊರಿನ ಸಮಾಧಿಗಳ ಬೇಲಿಗಳೆಲ್ಲ ತಿಳಿನೀಲಿ.

ಪಟ್ಟಣದ ಬೇಕರಿ ಮುಚ್ಚಿತು. ಮಾಲೀಕ ಪಶ್ಚಿಮಕ್ಕೆ ಹೋಗುವಾಗ ಗಾಡಿಯನ್ನು ಲೀದಿಯಾಳ ಅಂಗಳದಲ್ಲಿಯೇ ಬಿಟ್ಟುಹೋದ. ಆಕೆ ಸ್ವಯಂಸೇವಕರ ಗುಂಪೊಂದರಿಂದ ಬ್ರೆಡ್ಡು, ಮೇಣದ ಬತ್ತಿ, ಇನ್ಸುಲಿನ್ ತಂದು ಮುಂಚೂಣಿಯ ಹಳ್ಳಿಗಳಲ್ಲಿ ಹಂಚತೊಡಗಿದಳು. ಖಾಲಿಯಾದ ಗಾಡಿಯಲ್ಲಿ ಹಿಂತಿರುಗುವಾಗ ಹೊರಡುವ ಮನಸ್ಸಿದ್ದವರನ್ನು ಕರೆದುಕೊಂಡು ಬರುತ್ತಿದ್ದಳು. ಯಾರೂ ಅವಳಿಗೆ ಆ ಕೆಲಸ ಒಪ್ಪಿಸಿರಲಿಲ್ಲ.

ಒಂದು ಸಲ ನಗರದಿಂದ ಸಹಾಯ ಸಂಸ್ಥೆಯವರು ಬಂದರು. ಎದೆಗೆ ಕವಚ, ತಲೆಗೆ ಶಿರಸ್ತ್ರಾಣ, ಕೈಯಲ್ಲಿ ಹೆಸರುಗಳ ಪಟ್ಟಿ. ಪಾಪ, ಒಳ್ಳೆಯವರು. ನೆಲಮಾಳಿಗೆಯ ಬಾಗಿಲುಗಳನ್ನು ಬಡಿದು ಬಡಿದು ದಣಿದರು, ಒಬ್ಬರೂ ತೆಗೆಯಲಿಲ್ಲ. ಲೀದಿಯಾ ಅವರನ್ನು ಪಕ್ಕಕ್ಕೆ ನಿಲ್ಲಿಸಿ ಗಾಡಿಯ ಹಾರ್ನನ್ನು ಒತ್ತಿದಳು. ಎರಡು ಗಿಡ್ಡ, ಒಂದು ಉದ್ದ. ಐದು ನಿಮಿಷದಲ್ಲಿ ಹದಿನಾಲ್ಕು ಮಂದಿ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಶೆಲ್ಲು ಬಿದ್ದು ಅರ್ಧ ಕುಸಿದ ಅಂಗಡಿಯ ಮುಂದೆ, ಎಂದಿನ ಜಾಗದಲ್ಲಿಯೇ, ಎಂದಿನ ಸರದಿಯಲ್ಲಿಯೇ. ಅಂದು ಹದಿನಾಲ್ಕರಲ್ಲಿ ಐವರು ಗಾಡಿ ಹತ್ತಿದರು.

ಅವಳದೊಂದು ನಿಯಮವಿತ್ತು. ಒಬ್ಬರಿಗೆ ಒಂದೇ ಚೀಲ. ಆದರೆ ಮುದುಕಿಯರ ಗಂಟು ಆ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮ ಕಡೆಯ ಹೆಂಗಸರು ಅರುವತ್ತು ದಾಟಿದ ಮೇಲೆ ತಮ್ಮ ಸಾವಿಗೆ ಬೇಕಾದುದನ್ನೆಲ್ಲ ಬಿಳಿಯ ಬಟ್ಟೆಯಲ್ಲಿ ಗಂಟು ಕಟ್ಟಿ ಕಪಾಟಿನ ಕೆಳಗಿನ ಖಾನೆಯಲ್ಲಿ ಇಡುತ್ತಾರೆ: ಹೊಸ ಉಡುಪು, ತಲೆಗೆ ಕಟ್ಟುವ ವಸ್ತ್ರ, ಮೆತ್ತನೆಯ ಚಪ್ಪಲಿ, ಮೇಣದ ಬತ್ತಿ, ಶವಪೆಟ್ಟಿಗೆ ಹೊರುವವರ ತೋಳಿಗೆ ಕಟ್ಟಲು ಟವೆಲುಗಳು. ನಗರದಿಂದ ಬಂದವರಿಗೆ ಅದು ಅನಾವಶ್ಯಕ ಸಾಮಾನಾಗಿ ಕಂಡಿತು; ಅದರ ಬದಲು ಕಂಬಳಿ ತನ್ನಿ ಎಂದರು. ಲೀದಿಯಾ ಅವರಿಗೆ ತಿಳಿಸಿ ಹೇಳಿದಳು.

"ಯಾರ ಗಂಟು ಗಾಡಿಗೆ ಬಂತೋ ಅವರು ನಿಜವಾಗ್ಲೂ ಹೊರಟರು ಅಂತ ಅರ್ಥ. ಗಂಟು ಮನೇಲೇ ಇದ್ರೆ, ಅವರು ಎರಡು ವಾರಕ್ಕೆ ವಾಪಸ್ ಬರ್ತಾರೆ. ಕಂಬಳಿ ಎಷ್ಟು ಕೊಟ್ರೂ ಬರ್ತಾರೆ."

ಅವಳ ಮಾತು ತಪ್ಪುತ್ತಿರಲಿಲ್ಲ. ಹತ್ತುವ ಪ್ರತಿಯೊಬ್ಬ ಮುದುಕಿಯನ್ನೂ "ಗಂಟು ತಂದ್ರಾ?" ಎಂದು ಕೇಳುತ್ತಿದ್ದಳು. ಇಲ್ಲವೆಂದರೆ ಇಳಿದು, ಅವರ ಮನೆಗೆ ಹೋಗಿ, ತಾನೇ ಕಪಾಟು ತೆರೆದು ತರುತ್ತಿದ್ದಳು.

ಫೆಬ್ರವರಿಯಲ್ಲಿ ನಾನು ಹೊರಟೆ. ನನ್ನನ್ನೂ ಕೇಳಿದಳು. ಗಂಡಸರಿಗಾದರೆ ಆ ಗಂಟಿನ ಜಾಗದಲ್ಲಿ ಒಂದು ಕಪ್ಪು ಸೂಟು. "ಮೇಷ್ಟ್ರೇ, ನಿಮ್ಮ ಕಪ್ಪು ಸೂಟು?"

"ಚೀಲದಲ್ಲಿದೆ" ಎಂದೆ. ಚೀಲದಲ್ಲಿ ಇದ್ದುವು ಪುಸ್ತಕಗಳು. ಸೂಟು ಈಗಲೂ ಸೊಲೊನಾ ಬಾಲ್ಕಾದ ಕಪಾಟಿನಲ್ಲಿಯೇ ಇರಬೇಕು, ಕಪಾಟು ಇದ್ದರೆ.

ಅತ್ತೆಯನ್ನು ಹೊರಡಿಸಲು ಅವಳಿಗೆ ಮೂರು ವಾರ ಹಿಡಿಯಿತು. ಇಡೀ ಬೀದಿಯಲ್ಲಿ ಉಳಿದವಳು ಪರಾಸ್ಕಾ ಒಬ್ಬಳೇ. ದಿನಕ್ಕೊಂದು ನೆಪ. ಕೋಳಿ ಕಾವಿಗೆ ಕೂತಿದೆ. ಮೊಣಕಾಲು ಹಿಡಿದಿದೆ. "ನಿನ್ನ ಗಾಡೀಲಿ ಹಿಟ್ಟಿನ ವಾಸನೆ, ನಂಗೆ ಕೆಮ್ಮು ಬರುತ್ತೆ." ಕೊನೆಗೆ ಮನೆಯ ಸೂರಿನ ಒಂದು ಮೂಲೆ ಹಾರಿಹೋದ ದಿನ ಮುದುಕಿ ತಾನಾಗಿಯೇ ಗಂಟನ್ನು ಎದೆಗೆ ಅವಚಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕುಳಿತಳು. ಅಂದು ಲೀದಿಯಾ ನಾವಿದ್ದ ಹಾಸ್ಟೆಲಿನ ಅಡುಗೆಮನೆಯಲ್ಲಿ ನಿಂತು ಎರಡು ತಟ್ಟೆ ಬೀಟ್‌ರೂಟ್ ಸಾರು ಕುಡಿದುದನ್ನು ನಾನು ಕಂಡಿದ್ದೇನೆ. "ಗಂಟು ಬಂತು ಮೇಷ್ಟ್ರೇ. ಇನ್ನು ನಾನು ನಿದ್ದೆ ಮಾಡ್ತೀನಿ" ಎಂದಳು.

ನಮ್ಮನ್ನೆಲ್ಲ ಇರಿಸಿದ್ದು ನಲವತ್ತು ಕಿಲೋಮೀಟರು ಪಶ್ಚಿಮದ ಪಟ್ಟಣದಲ್ಲಿ, ಮುಚ್ಚಿದ ತಾಂತ್ರಿಕ ಶಾಲೆಯೊಂದರ ಹಾಸ್ಟೆಲಿನಲ್ಲಿ. ಒಂದು ಕೋಣೆಗೆ ನಾಲ್ಕು ಮಂಚ. ಬೆಚ್ಚಗಿತ್ತು, ಊಟವಿತ್ತು. ಮಾಡಲು ಕೆಲಸವಿರಲಿಲ್ಲ. ಹೆಂಗಸರು ಕಿಟಕಿಯ ಕಟ್ಟೆಯ ಮೇಲೆ ಹಾಲಿನ ಡಬ್ಬಿಗಳಲ್ಲಿ ಈರುಳ್ಳಿ ನೆಟ್ಟರು. ಏಪ್ರಿಲ್ ಬಂದು ಮಣ್ಣು ಒಣಗುತ್ತಲೇ ಎಲ್ಲರಿಗೂ ಚಡಪಡಿಕೆ ಹತ್ತಿತು. ಮೆಲಾನಿಯಾಳ ತಂಗಿ ಸ್ತೆಫಾ ಯಾರಿಗೂ ಹೇಳದೆ ಯಾವುದೋ ಲಾರಿ ಹತ್ತಿ ಊರಿಗೆ ಹೋದಳು, ಆಲೂಗಡ್ಡೆ ನೆಡುವುದಕ್ಕೆ. ಮೂರನೆಯ ದಿನ ಲೀದಿಯಾ ಅವಳನ್ನು ಹಿತ್ತಿಲಿನಿಂದ ಎತ್ತಿಕೊಂಡು ಬಂದಳು. ಎರಡು ಸಾಲು ನೆಟ್ಟಿದ್ದಳಂತೆ. ಮೂರನೆಯದಕ್ಕೆ ಗುಣಿ ತೋಡುವಾಗ ಡ್ರೋನು ಬಂದಿತು. ಅವಳ ಗಂಟು ಊರಿನ ಕಪಾಟಿನಲ್ಲಿಯೇ ಇತ್ತು. ಲೀದಿಯಾ ಅದನ್ನು ಆ ದಿನ ಜೊತೆಗೆ ತಂದಳು.

"ನಾನು ಸ್ತೆಫಾಳನ್ನ ಕೇಳಿದ್ದೆ ಮೇಷ್ಟ್ರೇ" ಎಂದಳು ಲೀದಿಯಾ. "ಹತ್ತೋವಾಗ ಕೇಳಿದ್ದೆ. ಕೊಡಿ ನೋಡ್ತೀನಿ ಅಂತ ಬಿಚ್ಚಿ ನೋಡ್ಬೇಕಿತ್ತು. ಗಾಡಿಗೆ ತಂದ ಗಂಟಲ್ಲಿ ದಿಂಬಿನ ಚೀಲ ತುಂಬಿದ್ಲು ಅವಳು."

ನನಗೆ ನನ್ನ ಪುಸ್ತಕಗಳ ನೆನಪಾಯಿತು.

ಆಮೇಲೆ ಈಸ್ಟರ್ ಬಂದಿತು. ಈಸ್ಟರಿನ ಮರುಭಾನುವಾರ ನಮ್ಮಲ್ಲಿ ಸಮಾಧಿಗಳ ದಿನ, ಪ್ರೊವೋದಿ ಎನ್ನುತ್ತಾರೆ. ಅಂದು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಊರಿಗೆ ಬಂದು, ಸಮಾಧಿಯ ಕಳೆ ಕಿತ್ತು, ಬೇಲಿಗೆ ಬಣ್ಣ ಬಳಿದು, ಅಲ್ಲಿರುವ ಪುಟ್ಟ ಮೇಜಿನ ಮೇಲೆ ಬಟ್ಟೆ ಹಾಸಿ, ಪಾಸ್ಕಾ ಎಂಬ ಸಿಹಿ ಬ್ರೆಡ್ಡು, ಕೆಂಪು ಮೊಟ್ಟೆ ಇಟ್ಟು, ತೀರಿಕೊಂಡವರ ಜೊತೆ ಕುಳಿತು ಊಟ ಮಾಡಬೇಕು. ಆ ದಿನ ಹೋಗದಿದ್ದರೆ ಸತ್ತವರು ಗೇಟಿನ ಬಳಿ ಬಂದು ಕಾಯುತ್ತಾರೆಂದು ಹೇಳುತ್ತಾರೆ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ಹಾನ್ನಾ ಗೇಟಿನ ಬಳಿ ನಿಂತಿರುವುದು ನನಗೆ ಒಂದು ವಾರವೆಲ್ಲ ಕಣ್ಣಿಗೆ ಕಟ್ಟುತ್ತಿತ್ತು.

ಹೆಂಗಸರು ಲೀದಿಯಾಳ ಬೆನ್ನು ಹತ್ತಿದರು. ಅವಳು ಮೂರು ಸಲ ಆಗದು ಎಂದಳು.

"ಕರ್ಕೊಂಡು ಬರೋಕೆ ಗಾಡಿ ಇರೋದು. ಕರ್ಕೊಂಡು ಹೋಗೋಕಲ್ಲ."

"ಅರ್ಧ ಗಂಟೆ ಸಾಕು ಕಣೆ" ಎಂದಳು ಮೆಲಾನಿಯಾ. "ಸ್ತೆಫಾಳನ್ನ ಇಲ್ಲಿ ಮಣ್ಣು ಮಾಡಿದ್ವಿ, ಆಯ್ತು. ನಮ್ಮ ಅಪ್ಪ ಅಮ್ಮ ಅಲ್ಲಿದಾರಲ್ಲ. ಅವರಿಗೆ ಯಾರು ಹೇಳ್ಬೇಕು ಸ್ತೆಫಾ ಹೋದ್ಲು ಅಂತ?"

"ಅವಳೇ ಹೇಳಿರ್ತಾಳೆ ಬಿಡು ಇಷ್ಟೊತ್ತಿಗೆ."

ಪರಾಸ್ಕಾ ಬೇಡಲಿಲ್ಲ. ಅವಳು ಸೊಸೆಯೊಂದಿಗೆ ಮಾತು ನಿಲ್ಲಿಸಿದಳು. ಬಯ್ಗುಳವೂ ಇಲ್ಲ. ಐದು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅದನ್ನು ಲೀದಿಯಾ ತಡೆಯದಾದಳು. ಆರನೆಯ ದಿನ ನನ್ನ ಬಳಿ ಬಂದು, "ನೀವೇನಂತೀರಿ ಮೇಷ್ಟ್ರೇ?" ಎಂದು ಕೇಳಿದಳು.

ಆಗ ನಾನು ಬೇಡವೆನ್ನಬೇಕಾಗಿತ್ತು. ನಾನು ಹೇಳಿದ್ದು ಬೇರೆ: "ಒಂದು ವಾರದಿಂದ ಆ ಕಡೆ ಸದ್ದಿಲ್ಲ ಅಂತಾರೆ. ಹಬ್ಬಕ್ಕೆ ಎರಡೂ ಸೈನ್ಯದವರು ಕೈ ತಡೆದಿರಬಹುದು."

"ಒಂದು ಲಾಭ ಇದೆ" ಎಂದಳು. "ಇವರೆಲ್ಲ ಮನೆ ಹಾಗೇ ಇದೆ ಅಂದ್ಕೊಂಡಿದಾರೆ. ಕಣ್ಣಾರೆ ನೋಡ್ಲಿ. ಗೋಡೆ ಇಲ್ಲ, ಸೂರಿಲ್ಲ, ಬಾವೀಲಿ ಸತ್ತ ನಾಯಿ. ನೋಡಿದ್ರೆ ಆಸೆ ಬಿಡ್ತಾರೆ. ಆಮೇಲೆ ಯಾರೂ ಸ್ತೆಫಾ ಥರ ಕದ್ದು ಹೋಗಲ್ಲ. ಅತ್ತೇನೂ ಹೋಗಲ್ಲ."

ಹೀಗೆ ಆಕೆ ಒಪ್ಪಿದಳು. ನಮ್ಮ ಊರಿನವನೇ ಆದ ಅರ್ಕಾದಿ ಕೊನೆಯ ತಪಾಸಣೆಯ ಠಾಣೆಯಲ್ಲಿ ಸೈನಿಕನಾಗಿದ್ದ. ಅವನೂ ಒಪ್ಪಿದ, ಅವನ ತಾಯಿಯೂ ಅಲ್ಲಿಯೇ ಮಲಗಿದ್ದಾಳೆ. "ಮಧ್ಯಾಹ್ನ ಹನ್ನೆರಡಕ್ಕೆ ಈಚೆ ಇರ್ಬೇಕು ಲೀದಾ. ನಮ್ಮಮ್ಮಂಗೂ ಒಂದು ಮೊಟ್ಟೆ ಇಟ್ಬಿಡು" ಎಂದು ಕೈಯಲ್ಲಿ ಕೊಟ್ಟ.

ಐವರು ಹೆಂಗಸರು, ಪರಾಸ್ಕಾ, ನಾನು. ಎಲ್ಲರ ಮಡಿಲಿನಲ್ಲಿಯೂ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟುಗಳಿದ್ದುವು. ಪಾಸ್ಕಾ, ಮೊಟ್ಟೆ, ಮೇಜಿಗೆ ಹಾಸುವ ಬಟ್ಟೆ. ಗಾಡಿ ತುಂಬ ಒಣದ್ರಾಕ್ಷಿಯ ವಾಸನೆ. ಮೆಲಾನಿಯಾ ನೀಲಿ ಬಣ್ಣದ ಡಬ್ಬಿಯನ್ನು ಕಾಲುಗಳ ನಡುವೆ ಹಿಡಿದುಕೊಂಡು, "ಈ ಗಾಡಿ ಕಂಡಾಗಿಂದ ಇದರಲ್ಲಿ ಬ್ರೆಡ್ಡಿನ ಜೊತೆ ಕೂತು ಹೋಗ್ತಿರೋದು ಇದೇ ಮೊದಲು" ಎಂದಳು. ಪರಾಸ್ಕಾ ಕೂಡ ನಕ್ಕಳು. ಸೊಸೆಗೆ, "ಗುಂಡಿ ನೋಡಿ ಓಡಿಸೆ, ಮೊಟ್ಟೆ ಒಡೆಯುತ್ತೆ" ಎಂದಳು. ಆರು ದಿನಗಳ ಮೇಲೆ ಅತ್ತೆ ಆಡಿದ ಮೊದಲ ಮಾತು ಅದು. ಲೀದಿಯಾಳ ಭುಜಗಳು ಸಡಿಲವಾದುದನ್ನು ನಾನು ಹಿಂದಿನಿಂದ ನೋಡಿದೆ.

ಊರಿನಿಂದ ಹೊರಡುವಾಗಲೆಲ್ಲ ಗಂಟು ಎಲ್ಲಿ ಎಂದು ಕೇಳುತ್ತಿದ್ದವಳು, ಊರಿಗೆ ಹೋಗುವಾಗ ಯಾರ ಗಂಟಿನಲ್ಲಿ ಏನಿದೆ ಎಂದು ಕೇಳಲಿಲ್ಲ. ಕೇಳಬೇಕೆಂದು ನಮಗೆ ಯಾರಿಗೂ ತೋಚಲಿಲ್ಲ.

ಊರನ್ನು ಕುರಿತು ಬರೆಯುವುದಿಲ್ಲ. ಲೀದಿಯಾ ಬೇಕೆಂದೇ ಬೀದಿಯುದ್ದಕ್ಕೂ ನಿಧಾನವಾಗಿ ಓಡಿಸಿದಳು. ಗುಡ್ಡದ ಮೇಲಿನ ಸ್ಮಶಾನ ಮಾತ್ರ ಹೆಚ್ಚು ಕೆಟ್ಟಿರಲಿಲ್ಲ. ಟ್ಯೂಲಿಪ್ಪುಗಳು ಹಾಗೆಯೇ ಅರಳಿದ್ದುವು.

"ನಲವತ್ತು ನಿಮಿಷ" ಎಂದಳು ಲೀದಿಯಾ, ಗಾಡಿಯನ್ನು ಅಕೇಶಿಯ ಮರಗಳ ಕೆಳಗೆ ನಿಲ್ಲಿಸಿ. "ಹಾರ್ನು ಕೇಳಿದ ಕೂಡಲೇ ಬರ್ಬೇಕು. ಮೊಟ್ಟೆ ಬಾಯಲ್ಲಿದ್ರೆ ಬಾಯಲ್ಲೇ ಇಟ್ಕೊಂಡು ಬನ್ನಿ."

ನಾನು ಹಾನ್ನಾಳ ಬಳಿ ಕುಳಿತೆ. ಕಳೆ ಕಿತ್ತೆ. ಹಾಸ್ಟೆಲಿನ ಬೀಟ್‌ರೂಟ್ ಸಾರನ್ನು ಕುರಿತು ಹೇಳಿದೆ. ಮೂರು ಸಾಲು ಆಚೆ, ಲೀದಿಯಾ ಗಂಡನ ಬೇಲಿಗೆ ಬೇಗಬೇಗನೆ ಬಣ್ಣ ಬಳಿಯುತ್ತಿದ್ದಳು. ಪರಾಸ್ಕಾ ಬೆಂಚಿನ ಮೇಲೆ ಕುಳಿತು ಎಲ್ಲಿ ಬಿಟ್ಟುಹೋಗಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಬಣ್ಣ ಮುಗಿದೊಡನೆ ಲೀದಿಯಾ ಗಾಡಿಯ ಬಳಿಗೆ ಹೋದಳು. ಡ್ರೋನು ಹತ್ತಿರವಾದರೆ ಕಿರುಗುಟ್ಟುವ ಸಣ್ಣ ಪೆಟ್ಟಿಗೆಯೊಂದು ಅಲ್ಲಿತ್ತು.

ಇಪ್ಪತ್ತೈದು ನಿಮಿಷವಾಗಿರಬಹುದು. ಪೆಟ್ಟಿಗೆ ಕಿರುಗುಟ್ಟಿತು. ಹಾರ್ನು ಕೇಳಿಸಿತು, ಎರಡು ಗಿಡ್ಡ, ಒಂದು ಉದ್ದ. ಹೆಂಗಸರು ಮೇಜಿನ ಬಟ್ಟೆಗಳನ್ನು ಅಲ್ಲಿಯೇ ಬಿಟ್ಟು ಬಂದು ಹತ್ತಿದರು. ಪರಾಸ್ಕಾ ಬರಲಿಲ್ಲ.

ಲೀದಿಯಾ ಓಡಿದಳು. ನಾನೂ ಹಿಂದೆ ಹೋದೆ. ಮುದುಕಿ ಮಗನ ಸಮಾಧಿಯ ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದಳು. ತಲೆಗೆ ಹೊಸ ವಸ್ತ್ರ ಕಟ್ಟಿದ್ದಳು, ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಮಡಿಲಿನಲ್ಲಿ ಬಿಚ್ಚಿದ ಗಂಟು. ಅದರಲ್ಲಿ ಪಾಸ್ಕಾ ಇರಲಿಲ್ಲ. ಉಡುಪು, ಚಪ್ಪಲಿ, ಮೇಣದ ಬತ್ತಿ, ಟವೆಲುಗಳು.

ಲೀದಿಯಾ ಅದನ್ನು ನೋಡಿ ನಿಂತುಬಿಟ್ಟಳು.

"ಅತ್ತೆ, ಏಳಿ."

"ನಾನು ಬಂದಾಯ್ತು ಕಣೆ. ನೀ ಹೋಗು."

"ಮನೆ ನೋಡಿದ್ರಲ್ಲ. ಗೋಡೆ ಇಲ್ಲ."

"ನೆಲಮಾಳಿಗೆ ಇದೆ. ಎಷ್ಟು ದಿನದ ಮಾತು? ಅಲ್ಲಿ ಸತ್ರೆ ನಂಗೊಂದು ನಂಬರು ಹಾಕಿ ಯಾವುದೋ ಗುಂಡೀಲಿ ಇಡ್ತೀರಿ, ಸ್ತೆಫಾಳನ್ನ ಇಟ್ಟಂಗೆ. ಇಲ್ಲಿ ಇವನ ಪಕ್ಕ ಜಾಗ ಇದೆ. ನಾನೇ ಬಿಡಿಸಿಟ್ಟಿದ್ದು."

ಲೀದಿಯಾ ಅವಳ ಕಂಕುಳಿಗೆ ಕೈಹಾಕಿ ಎತ್ತಿದಳು. ಮುದುಕಿ ಎರಡೂ ಕೈಗಳಿಂದ ಬೇಲಿಯನ್ನು ಹಿಡಿದುಕೊಂಡಳು. ಹಸಿ ಬಣ್ಣ. ನಾನು ಒಂದು ಕೈ ಬಿಡಿಸಿದರೆ ಇನ್ನೊಂದರಿಂದ ಹಿಡಿಯುತ್ತಿದ್ದಳು. ಮೂವರ ಕೈಗಳೂ ತಿಳಿನೀಲಿಯಾದುವು. ಗಾಡಿಯ ಕಡೆಯಿಂದ ಮೆಲಾನಿಯಾ ಕೂಗುತ್ತಿದ್ದಳು. ಪೆಟ್ಟಿಗೆ ಒಂದೇ ಸಮನೆ ಕಿರುಗುಟ್ಟುತ್ತಿತ್ತು.

"ಬಿಡೆ" ಎಂದಳು ಪರಾಸ್ಕಾ, ಏದುಸಿರಿನಲ್ಲಿ. "ಅಲ್ಲಿ ಐದು ಜನ ಕೂತಿದಾರೆ. ಅವರಿಗೇನಾದ್ರೂ ಆದ್ರೆ ಪಾಪ ನನ್ನ ತಲೆಗೆ ಕಟ್ಬೇಡ."

ಲೀದಿಯಾ ಗಾಡಿಯ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು, ಗಂಡನ ಶಿಲುಬೆಯ ಕಡೆ ನೋಡಿದಳು. ಕೈ ಬಿಟ್ಟಳು.

"ನಾಳೆ ಬೆಳಿಗ್ಗೆ ಬರ್ತೀನಿ. ನೆಲಮಾಳಿಗೇಲಿರಿ. ಹಾರ್ನು ಹೊಡೀತೀನಿ. ನಾಳೆ ನೀವು ಬರದೇ ಇದ್ರೆ ಕೈ ಕಾಲು ಕಟ್ಟಿ ಹೊತ್ಕೊಂಡು ಹೋಗ್ತೀನಿ, ಗೊತ್ತಾಯ್ತಾ?"

"ಬಾ, ಬಾ. ಬರ್ತಾ ಉಪ್ಪು ತಾ. ಇಲ್ಲಿ ಉಪ್ಪು ಇರಲ್ಲ."

ನಾವು ಮರಗಳ ಕೆಳಗಿನ ದಾರಿಯನ್ನು ಮುಟ್ಟುವ ಹೊತ್ತಿಗೆ ಹಿಂದೆ ಎಲ್ಲಿಯೋ ಒಂದು ಸಿಡಿಯಿತು. ಎಲ್ಲಿ ಎಂದು ಯಾರೂ ನೋಡಲಿಲ್ಲ. ಲೀದಿಯಾ ಕನ್ನಡಿಯಲ್ಲಿ ಕೂಡ ನೋಡಲಿಲ್ಲ. ನೋಡಿದ್ದರೆ ಗಾಡಿ ತಿರುಗಿಸುತ್ತಿದ್ದೆ ಎಂದು ಬಹಳ ದಿನಗಳ ಮೇಲೆ ನನಗೆ ಹೇಳಿದಳು. ಠಾಣೆಯ ಬಳಿ ಅರ್ಕಾದಿ ತಲೆ ಎಣಿಸಿದ. ಇನ್ನೊಂದು ಸಲ ಎಣಿಸಿದ. ಅವನ ತಾಯಿಯ ಮೊಟ್ಟೆ ಇನ್ನೂ ಗಾಡಿಯ ಮುಂಭಾಗದ ಹಲಗೆಯ ಮೇಲೆಯೇ ಇತ್ತು.

ಮರುದಿನ ಬೆಳಗಾಗುವ ಮೊದಲೇ ಲೀದಿಯಾ ಹೊರಟಳು. ಒಂದು ಪ್ಯಾಕೆಟ್ ಉಪ್ಪು ತೆಗೆದುಕೊಂಡಿದ್ದಳು. ಹಿಂದಿನ ಸಂಜೆಯೇ ಹಳ್ಳದ ಸೇತುವೆ ಮುರಿದುಬಿದ್ದಿತ್ತು. ಅರ್ಕಾದಿ ಬಿಡಲಿಲ್ಲ. ಅವಳು ಹೊಲಗಳ ನಡುವಿನಿಂದ ಹೋಗಲು ನೋಡಿದಳು. ಎರಡು ಟೈರುಗಳು ಹರಿದುವು, ಐದು ಕಿಲೋಮೀಟರು ನಡೆದು ವಾಪಸು ಬಂದಳು. ಮೂರನೆಯ ದಿನ ಮತ್ತೆ ಹೋದಳು. ಐದನೆಯ ದಿನ ಅರ್ಕಾದಿಯ ಠಾಣೆಯೇ ಹಿಂದಕ್ಕೆ ಸರಿದಿತ್ತು. ಒಂಬತ್ತನೆಯ ದಿನ ಸೊಲೊನಾ ಬಾಲ್ಕಾ ರಷ್ಯನ್ನರ ಕೈಗೆ ಹೋಯಿತೆಂದು ಹಾಸ್ಟೆಲಿನ ರೇಡಿಯೋ ಹೇಳಿತು. ಒಂದು ವಾಕ್ಯ ಅಷ್ಟೆ. ನಮ್ಮ ಊರಿನ ಹೆಸರನ್ನು ರೇಡಿಯೋದಲ್ಲಿ ಕೇಳಿದ್ದು ಅದೇ ಮೊದಲು.

ಆಕೆ ಕೇಳಬಹುದಾದವರನ್ನೆಲ್ಲ ಕೇಳಿದಳು. ಆ ಕಡೆ ನೆಂಟರಿದ್ದವರಿಂದ ಸಂದೇಶ ಕಳುಹಿಸಿದಳು. ಉತ್ತರವಿಲ್ಲ. ಜುಲೈಯಲ್ಲಿ ಅರ್ಕಾದಿ ಡ್ರೋನು ಹಾರಿಸುವ ಸೈನಿಕನೊಬ್ಬನನ್ನು ಕರೆತಂದ. ಅವನು ಫೋನಿನಲ್ಲಿ ಮೇಲಿನಿಂದ ತೆಗೆದ ಚಿತ್ರವೊಂದನ್ನು ತೋರಿಸಿದ. ಗುಡ್ಡ, ಸುಟ್ಟ ಅಕೇಶಿಯ ಮರಗಳು, ನೀಲಿ ಚೌಕಗಳ ಸಾಲು. ಲೀದಿಯಾ ಬೆರಳಿನಿಂದ ಎಣಿಸಿ ತನ್ನ ಚೌಕವನ್ನು ಕಂಡುಹಿಡಿದಳು. ದೊಡ್ಡದು ಮಾಡಿಸಿ ನೋಡಿದಳು.

"ಬೆಂಚು ಖಾಲಿ ಇದೆ" ಎಂದಳು. ಆಮೇಲೆ ನನ್ನನ್ನು ಕೇಳಿದಳು: "ಮೇಷ್ಟ್ರೇ, ಇದು ಒಳ್ಳೇದಾ, ಕೆಟ್ಟದ್ದಾ?"

ನಾನು ಫೋನನ್ನು ಅವಳ ಕೈಯಿಂದ ತೆಗೆದು ಸೈನಿಕನಿಗೆ ಹಿಂತಿರುಗಿಸಿದೆ.

ಆಮೇಲೆಯೂ ಆಕೆ ಗಾಡಿ ನಿಲ್ಲಿಸಲಿಲ್ಲ. ಮುಂಚೂಣಿ ಸರಿದಂತೆಲ್ಲ ಅವಳ ಹಳ್ಳಿಗಳೂ ಬದಲಾದುವು. ಈಗಿನ ಹಳ್ಳಿಗಳವರಿಗೆ ಅವಳ ಹಾರ್ನಿನ ಪರಿಚಯವಿಲ್ಲ. ಬಾಗಿಲು ಬಡಿಯಬೇಕು, ಹೆಸರು ಹೇಳಬೇಕು, ಬಯ್ಗುಳ ತಿನ್ನಬೇಕು. ಹತ್ತು ಮಂದಿಯಲ್ಲಿ ಇಬ್ಬರು ಬರುತ್ತಾರೆ. ಆ ಇಬ್ಬರಲ್ಲಿ ಒಬ್ಬರು ತಿಂಗಳೊಳಗೆ ವಾಪಸು ಹೋಗುತ್ತಾರೆ. ಗಂಟುಗಳನ್ನು ಬಿಚ್ಚಿಸಿ ನೋಡುತ್ತಾಳೆ. ಅದರಿಂದ ಮುದುಕಿಯರಿಗೆ ಅವಮಾನವಾಗುತ್ತದೆ. ಅವಳ ಮೇಲೆ ದೂರುಗಳು ಬಂದಿವೆ.

ಈ ವರ್ಷ ಸಮಾಧಿಗಳ ದಿನ ಬಂದಾಗ, ಮುಂಜಾನೆಯೇ ಆಕೆ ನನ್ನ ಕೋಣೆಗೆ ಬಂದು ಗಾಡಿಯ ಕೀಲಿಯನ್ನು ನನ್ನ ಕೈಯಲ್ಲಿಟ್ಟಳು.

"ನಾಳೆವರೆಗೂ ಇಟ್ಕೊಂಡಿರಿ. ಯಾರು ಕೇಳಿದ್ರೂ ಕೊಡ್ಬೇಡಿ."

"ಈಗ ಯಾರು ಕೇಳ್ತಾರಮ್ಮ? ದಾರಿಯೇ ಇಲ್ಲವಲ್ಲ."

"ನಾನು ಕೇಳ್ತೀನಿ."

ಹೆಂಗಸರು ಹಾಸ್ಟೆಲಿನ ಅಂಗಳದಲ್ಲಿ ಒಂದೇ ಉದ್ದನೆಯ ಮೇಜು ಹಾಕಿ, ಊರಿನ ಸತ್ತವರೆಲ್ಲರ ಹೆಸರುಗಳನ್ನೂ ಒಂದೊಂದಾಗಿ ಹೇಳಿ, ಪಾಸ್ಕಾ ಮುರಿದರು. ಮೆಲಾನಿಯಾ ಹೆಸರುಗಳನ್ನು ಓದಿದಳು. ತಿಮೊಫಿಯ್ ಹೆಸರನ್ನು ಓದಿದ ಮೇಲೆ ತಡೆದು, ಲೀದಿಯಾಳ ಮುಖ ನೋಡಿದಳು. ಪರಾಸ್ಕಾಳ ಹೆಸರನ್ನು ಸತ್ತವರಲ್ಲಿ ಓದಬೇಕೋ, ಬದುಕಿದವರಿಗಾಗಿ ಹಚ್ಚುವ ಬತ್ತಿಯ ಕಡೆ ಹೇಳಬೇಕೋ ಎಂಬುದು ಯಾರಿಗೂ ತಿಳಿದಿರಲಿಲ್ಲ. ಲೀದಿಯಾ ಬೇಡವೆಂದು ತಲೆ ಅಲ್ಲಾಡಿಸಿದಳು. ಮೆಲಾನಿಯಾ ಮುಂದಿನ ಹೆಸರಿಗೆ ಹೋದಳು.

ಹನ್ನೊಂದು ಗಂಟೆಗೆ ಲೀದಿಯಾ ಮತ್ತೆ ನನ್ನ ಕೋಣೆಗೆ ಬಂದು ನನ್ನ ಮುಂದೆ ಕೈಚಾಚಿದಳು. ಅವಳ ಹಳೆಯ ಜಾಕೆಟ್ಟಿನ ತೋಳಿನಲ್ಲಿ ತಿಳಿನೀಲಿಯ ಕಲೆ ಹಾಗೆಯೇ ಇದೆ. ನಾನು ಕೊಡಲಿಲ್ಲ.

"ಠಾಣೆಯವರೆಗೆ ಅಷ್ಟೇ ಮೇಷ್ಟ್ರೇ. ಅಲ್ಲಿ ನಿಂತು ಹಾರ್ನು ಹೊಡೆದು ಬರ್ತೀನಿ."

"ಅಲ್ಲಿಂದ ಊರಿಗೆ ಇಪ್ಪತ್ತೆರಡು ಕಿಲೋಮೀಟರು ಲೀದಾ. ಕೇಳಿಸೋದಿಲ್ಲ."

"ಕೇಳಿಸಲ್ಲ ಅಂತ ನಂಗೂ ಗೊತ್ತು."

ನನ್ನ ಮಂಚದ ತುದಿಯಲ್ಲಿ ಕುಳಿತುಕೊಂಡಳು. ಸಂಜೆಯವರೆಗೂ ಹಾಗೆಯೇ ಕುಳಿತಿದ್ದಳು. ನಾನು ಚಹಾ ಮಾಡಿಕೊಟ್ಟೆ. ಕುಡಿಯಲಿಲ್ಲ.

ಮರುದಿನ ಬೆಳಿಗ್ಗೆ ಕೀಲಿ ಕೊಡಲು ಅಂಗಳಕ್ಕೆ ಇಳಿದೆ. ಗಾಡಿಯಲ್ಲಿ ಬ್ರೆಡ್ಡು ತುಂಬಿಯಾಗಿತ್ತು. ಮುಂದಿನ ಸೀಟಿನ ಮೇಲೆ ಆ ಉಪ್ಪಿನ ಪ್ಯಾಕೆಟ್ ಇತ್ತು. ಒಂದು ವರ್ಷದಲ್ಲಿ ತೇವ ಹಿಡಿದು ಇಟ್ಟಿಗೆಯಂತೆ ಗಟ್ಟಿಯಾಗಿದೆ. ಆಕೆ ಗಾಡಿ ಹತ್ತಿ ಗಾಜು ಇಳಿಸಿದಳು.

"ಈ ಪಟ್ಟಣಾನೂ ಖಾಲಿ ಮಾಡಿ ಅಂತ ಆದೇಶ ಬರುತ್ತಂತೆ ಮೇಷ್ಟ್ರೇ. ಮೊದಲು ಮಕ್ಕಳು, ಆಮೇಲೆ ನಿಮ್ಮಂಥವರು. ಗುರುವಾರ ನಿಮ್ಮನ್ನೆಲ್ಲ ಸಾಗಿಸ್ತೀನಿ. ಒಬ್ಬರಿಗೆ ಒಂದೇ ಚೀಲ." ಗೇರು ಹಾಕಿ, ಮತ್ತೆ ತಲೆ ಹೊರಗೆ ಹಾಕಿದಳು. "ನಿಮ್ಮ ಸೂಟು ಊರಲ್ಲೇ ಬಿಟ್ಟು ಬಂದಿದ್ರಿ ಅಂತ ನಂಗೆ ಅವತ್ತೇ ಗೊತ್ತಿತ್ತು. ಚೀಲ ಎತ್ತಿದಾಗಲೇ ಗೊತ್ತಾಯ್ತು. ಅಷ್ಟು ಭಾರದ ಸೂಟು ಎಲ್ಲೂ ಇರಲ್ಲ."

ಇಂದು ಬುಧವಾರ. ಆಕೆ ಬೆಳಿಗ್ಗೆಯೇ ಎರಡು ಹಳ್ಳಿಗಳಿಗೆ ಹೋಗಿದ್ದಾಳೆ. ಅಲ್ಲಿ ಒಂದು ನೆಲಮಾಳಿಗೆಯಲ್ಲಿ ಎಂಬತ್ತೇಳು ವರ್ಷದ ಮುದುಕಿಯೊಬ್ಬಳಿದ್ದಾಳಂತೆ. ನಾಲ್ಕು ಸಲ ಹೋದರೂ ಬಾಗಿಲು ತೆಗೆದಿಲ್ಲ. ಐದನೆಯ ಸಲವಾದ ಇಂದು ಬ್ರೆಡ್ಡನ್ನು ಬಾಗಿಲಲ್ಲಿಟ್ಟು ಬರುತ್ತೇನೆ ಅಷ್ಟೆ, ತಾನಾಗಿ ಹೊರಗೆ ಬರಲಿ, ಒಳಗೆ ಬಾ ಎಂದರೂ ಹೋಗುವುದಿಲ್ಲ ಎಂದು ಹೇಳಿ ಹೋಗಿದ್ದಾಳೆ. ಮೆಲಾನಿಯಾ ಕಿಟಕಿಯ ಕಟ್ಟೆಯಲ್ಲಿ ಈರುಳ್ಳಿ ಕೀಳುತ್ತಿದ್ದಾಳೆ. ನಾನು ಚೀಲ ತುಂಬುತ್ತಿದ್ದೇನೆ.